ಸ್ಲೋ ಕುಕ್ಕರ್ ಮತ್ತು ಮ್ಯಾಶ್ಡ್ ಪೊಟ್ಯಾಟೊ: ನಮ್ಮ ಕೌಂಟರಿಗೆ ಎಷ್ಟು ಉಪಯೋಗ?

ಸದಸ್ಯ ಬಾಂಧವರಲ್ಲಿ ಹಲವರು ನಮ್ಮಲ್ಲಿ ಕೇಳಿರುವ ಪ್ರಶ್ನೆ ಇದು. ಹಿಂಜೆವಾಡಿಯ ಕಂಪನಿ ಊಟವಿರಲಿ, ಅಂಧೇರಿಯ ರಿಸೆಪ್ಶನ್ ಇರಲಿ, ಮೆನು ಬರೆಸುವಾಗ ಪಾರ್ಟಿಯವರು "ಒಂದು ಕಾಂಟಿನೆಂಟಲ್ ಕೌಂಟರ್ ಇರಲಿ" ಅನ್ನುತ್ತಾರೆ. ಪಾಸ್ತಾ, ಬೇಕ್ಡ್ ವೆಜಿಟೆಬಲ್ ಆದ ಮೇಲೆ ಮೂರನೆಯದಾಗಿ ಬರುವುದು ಮ್ಯಾಶ್ಡ್ ಪೊಟ್ಯಾಟೊ. ಮಸಾಲೆ ದೋಸೆಯ ಪಲ್ಯದಿಂದ ಹಿಡಿದು ಬಟಾಟೆ ವಡೆಯವರೆಗೆ ದಿನವೂ ಬಟಾಟೆಯಲ್ಲೇ ಕೈ ಪಳಗಿದ ನಮ್ಮವರಿಗೆ ಇದೇನು ದೊಡ್ಡ ವಿಷಯ ಎಂದು ನಾವೂ ಅಂದುಕೊಂಡಿದ್ದೆವು.

ಕೆಲವು ವರ್ಷಗಳ ಹಿಂದೆ ಮುಂಬಯಿ ಉಪನಗರದ ಒಂದು ಹಾಲಿನಲ್ಲಿ ನಮಗೆ ಬುದ್ಧಿ ಬಂತು. ಹನ್ನೆರಡು ಕಿಲೋ ಬಟಾಟೆ ಬೇಯಿಸಿ ಸಿಪ್ಪೆ ತೆಗೆದಾಗಿತ್ತು. ಅತಿಥಿಗಳು ಬರುವ ಹೊತ್ತು. ಕೈಯಲ್ಲಿ ಕಿವುಚಲು ಸಮಯವಿಲ್ಲವೆಂದು ದೊಡ್ಡ ಮಿಕ್ಸರಿಗೆ ಹಾಕಿ ತಿರುಗಿಸಿದೆವು. ಎರಡು ನಿಮಿಷದಲ್ಲಿ ಬೆಣ್ಣೆಯಂತೆ ನುಣುಪಾಯಿತು, ಮೂರನೇ ನಿಮಿಷಕ್ಕೆ ಸೌಟು ಎತ್ತಿದರೆ ಪಾತ್ರೆಯೇ ಮೇಲೆ ಬರುವಂತಾಯಿತು. ನಮ್ಮ ಭಟ್ರು ಅದನ್ನು ನೋಡಿ, "ಇದನ್ನು ಬಡಿಸುವುದೋ, ಪೋಸ್ಟರ್ ಅಂಟಿಸುವುದೋ ಮಾರಾಯ್ರೇ?" ಎಂದರು. ಅಂದು ಆ ಕೌಂಟರಿನಲ್ಲಿ ಮೂರನೇ ಪಾತ್ರೆ ಖಾಲಿ ಇತ್ತು. ಬಿಲ್ಲಿನಲ್ಲಿ ಆದ ಕಡಿತಕ್ಕಿಂತ ಪಾರ್ಟಿಯ ಯಜಮಾನರು ಏನೂ ಅನ್ನದೆ ನಮ್ಮ ಮುಖ ನೋಡಿದ್ದೇ ಹೆಚ್ಚು ನೋವಾಯಿತು. ಆಮೇಲೆಯೇ ಈ ಪದಾರ್ಥವನ್ನೂ, ಅದಕ್ಕೆ ಅಮೆರಿಕದವರು ಬಳಸುವ ಸ್ಲೋ ಕುಕ್ಕರನ್ನೂ ಸರಿಯಾಗಿ ತಿಳಿದುಕೊಳ್ಳಲು ಹೊರಟೆವು.

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಮನೆಮನೆಯಲ್ಲೂ ಟರ್ಕಿ ಕೋಳಿಯ ಜೊತೆ ಮ್ಯಾಶ್ಡ್ ಪೊಟ್ಯಾಟೊ ಬೇಕೇ ಬೇಕು. ಆದರೆ ಓವನ್ ತುಂಬ ಕೋಳಿ, ನಾಲ್ಕೂ ಒಲೆಗಳ ಮೇಲೆ ಬೇರೆ ಪಾತ್ರೆಗಳು. ಬಟಾಟೆ ಬೇಯಿಸಿ ಕಿವುಚಿ ಊಟದ ಹೊತ್ತಿನವರೆಗೆ ಬಿಸಿಯಾಗಿಡಲು ಜಾಗವಿಲ್ಲ. ಹೀಗಾಗಿ ಮೂಲೆಯ ಪ್ಲಗ್ಗಿಗೆ ಹಾಕಿದ ಸ್ಲೋ ಕುಕ್ಕರಿಗೆ ಆ ಕೆಲಸ ಬಂತು. ಒಲೆ ಸಾಲದೆ ಒದ್ದಾಡುವುದು ನಮಗೇನು ಹೊಸತಲ್ಲ. ಹಾಲಿನ ಹಿಂಬದಿಯ ಇಕ್ಕಟ್ಟಿನಲ್ಲಿ ಮೂರು ಭಟ್ಟಿಗಳಿಗೆ ಹತ್ತು ಪದಾರ್ಥ ಕಾಯುತ್ತಿರುವಾಗ ಅವರ ಉಪಾಯ ನಮಗೂ ಹೊಂದೀತೇ ಎಂಬುದು ಪ್ರಶ್ನೆ.

ಈ ಕುಕ್ಕರಿನ ಕಥೆ ಸ್ವಾರಸ್ಯವಾಗಿದೆ. ಷಿಕಾಗೋದ ಇಂಜಿನಿಯರ್ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಅವರ ಮನೆಯ ಹಿರಿಯರು ಲಿಥುವೇನಿಯಾದ ಯಹೂದಿಗಳು. ಶುಕ್ರವಾರ ಸೂರ್ಯಾಸ್ತದ ಮೇಲೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ, ಅದಕ್ಕೆ ಮೊದಲೇ ಕಾಳು ಮಾಂಸ ಹಾಕಿದ ಪಾತ್ರೆಯನ್ನು ಊರಿನ ಬೇಕರಿಯವನ ಆರುತ್ತಿರುವ ಒಲೆಯಲ್ಲಿ ಇಟ್ಟು ಬರುವರು, ರಾತ್ರಿಯಿಡೀ ಅದು ತಾನೇ ಬೇಯುವುದು. ತಾಯಿ ಹೇಳಿದ ಆ ಕಥೆಯಿಂದಲೇ ತಮಗೆ ಕಲ್ಪನೆ ಬಂತೆಂದು ನ್ಯಾಕ್ಸನ್ ಹೇಳುತ್ತಿದ್ದರಂತೆ. 1970ರಲ್ಲಿ ರೈವಲ್ ಕಂಪನಿ ಇದನ್ನು ಕೊಂಡು, 1971ರಲ್ಲಿ 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ರಾತ್ರಿ ಒಲೆಯ ಕೆಂಡದ ಮೇಲೆ ಗಡಿಗೆ ಇಟ್ಟು ಮಲಗುತ್ತಿದ್ದ ನಮ್ಮ ಅಜ್ಜಿಯಂದಿರು ಪೇಟೆಂಟ್ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಕುಕ್ಕರಿನ ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಗೋಡೆಯಲ್ಲಿ ಹೀಟಿಂಗ್ ಕಾಯಿಲ್, ಮೇಲೆ ಗಾಜಿನ ಮುಚ್ಚಳ. ಲೋ, ಹೈ, ವಾರ್ಮ್ ಎಂದು ಮೂರು ಗುರುತುಗಳು. ಲೋ ಎಂದರೆ ಕಡಿಮೆ ಬಿಸಿ ಎಂದು ತಿಳಿಯುವವರಿದ್ದಾರೆ. ಹೆಚ್ಚಿನ ಮಾದರಿಗಳಲ್ಲಿ ಲೋ ಮತ್ತು ಹೈ ಎರಡೂ ಕೊನೆಗೆ ಮುಟ್ಟುವುದು ಕುದಿಯ ಹತ್ತಿರದ ಬಿಸಿಯನ್ನೇ, ಮುಟ್ಟಲು ಹಿಡಿಯುವ ಹೊತ್ತು ಮಾತ್ರ ಬೇರೆ. ವಾರ್ಮ್ ಎಂಬುದು ಬೇಯಿಸಲಿಕ್ಕಲ್ಲ, ಬೆಂದದ್ದನ್ನು ಬಿಸಿಯಾಗಿಡಲಿಕ್ಕೆ. ಆರು ಲೀಟರಿನ ಕುಕ್ಕರಿಗೆ ಸುಮಾರು 250ರಿಂದ 300 ವಾಟ್ ಸಾಕು. ಹಾಲಿನವರು ಕರೆಂಟಿನ ಲೆಕ್ಕ ಕೇಳುವ ಈ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಎರಡು ಕುಕ್ಕರ್ ಸೇರಿದರೂ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ಎಳೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನ್ಯೂಜೆರ್ಸಿಯಲ್ಲಿರುವ ಅಳಿಯ, ಮಗಳು ತಂದುಕೊಟ್ಟ ಕುಕ್ಕರನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಬೇಡಿ. ಅದು 120 ವೋಲ್ಟಿನದು, ನಮ್ಮದು 230. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ.

ಇನ್ನು ಬಟಾಟೆ. ಇದರಲ್ಲಿ ಎರಡು ಜಾತಿ ಎಂದು ತಿಳಿದರೆ ಅರ್ಧ ಕೆಲಸ ಆದಂತೆ. ಹಿಟ್ಟಿನಂಶ ಹೆಚ್ಚಿರುವುದು ಬೆಂದಾಗ ಬಿರಿದು ಉದುರುತ್ತದೆ, ನೀರಿನಂಶ ಹೆಚ್ಚಿರುವುದು ಹೋಳಾಗಿಯೇ ನಿಲ್ಲುತ್ತದೆ. ಸಾಂಬಾರು, ಕುರ್ಮಕ್ಕೆ ಎರಡನೆಯದು, ಮ್ಯಾಶಿಗೆ ಮೊದಲನೆಯದು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳ ಹೆಸರೆಲ್ಲ ಕುಫ್ರಿ ಎಂದೇ ಆರಂಭವಾಗುತ್ತವೆ. ಕುಫ್ರಿ ಎಂಬುದು ಶಿಮ್ಲಾ ಬಳಿಯ ಊರು. ನಮ್ಮ ಹಾಸನದ ರೈತರು ಬಹುಕಾಲದಿಂದ ಬೆಳೆಯುತ್ತಿರುವುದು ಕುಫ್ರಿ ಜ್ಯೋತಿ. ಚಿಪ್ಸ್ ಕಾರ್ಖಾನೆಗಳಿಗೆಂದೇ ಬಂದ ಕುಫ್ರಿ ಚಿಪ್ಸೋನಾದಲ್ಲಿ ಹಿಟ್ಟಿನಂಶ ಹೆಚ್ಚು, ಮ್ಯಾಶಿಗೆ ಬಹಳ ಒಳ್ಳೆಯದು. ಕುಫ್ರಿ ಪುಖರಾಜ್ ನೋಡಲು ಚೆಂದ, ಆದರೆ ನೀರಿನಂಶ ಜಾಸ್ತಿ.

ವಾಶಿ ಮಾರ್ಕೆಟಿನಲ್ಲಿ ಗೋಣಿಯ ಮೇಲೆ ತಳಿಯ ಹೆಸರು ಬರೆದಿರುವುದಿಲ್ಲ. ಇಂದೋರ್, ಆಗ್ರಾ ಎಂದು ಊರಿನ ಹೆಸರು ಹೇಳಿ ಮಾರುತ್ತಾರೆ. ಅದಕ್ಕೆ ಉಪಾಯವಿದೆ. ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ, ಹಸಿ ಬಟಾಟೆ ಹಾಕಿ ನೋಡಿ. ಮುಳುಗಿದರೆ ಹಿಟ್ಟಿನ ಬಟಾಟೆ, ತೇಲಿದರೆ ನೀರಿನದು. ಗೋಣಿಗೆ ನಾಲ್ಕು ಬಟಾಟೆ ಪರೀಕ್ಷಿಸಿದರೆ ಸಾಕು. ಕೋಲ್ಡ್ ಸ್ಟೋರೇಜಿನಲ್ಲಿ ಬಹಳ ದಿನ ಇದ್ದ ಬಟಾಟೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗಿರುತ್ತದೆ. ಪಲ್ಯದಲ್ಲಿ ಮೆಣಸು, ಒಗ್ಗರಣೆ ಆ ಸಿಹಿಯನ್ನು ಮುಚ್ಚುತ್ತವೆ. ಮ್ಯಾಶಿನಲ್ಲಿ ಉಪ್ಪು, ಬೆಣ್ಣೆ, ಹಾಲು ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಸಿಹಿ ಎದ್ದು ಕಾಣುತ್ತದೆ.

ಈಗ ಕುಕ್ಕರಿನಲ್ಲೇ ಬೇಯಿಸುವ ಕ್ರಮ. ಮೊದಲ ಸಲ ನಾವು ತಣ್ಣೀರು ಹಾಕಿ, ದೊಡ್ಡ ಹೋಳು ಮಾಡಿ, ಲೋದಲ್ಲಿ ಇಟ್ಟು ಆರು ಗಂಟೆ ಕಾದೆವು. ಹೊರಗೆ ಬೆಂದಿತ್ತು, ಒಳಗೆ ಕಟಕಟ ಅನ್ನುತ್ತಿತ್ತು. ಇನ್ನೂ ಎರಡು ಗಂಟೆ ಇಟ್ಟರೂ ಅಷ್ಟೇ. ಕುಕ್ಕರ್ ಕೆಟ್ಟಿದೆ ಎಂದೇ ತಿಳಿದೆವು. ಆದರೆ ದೋಷ ನಮ್ಮದು. ಬಟಾಟೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಗಾರೆಯಂಥ ವಸ್ತುವಿಗೆ ಪೆಕ್ಟಿನ್ ಎಂದು ಹೆಸರು. ಅದು ಕರಗಿದರೆ ಬಟಾಟೆ ಮೆತ್ತಗಾಗುತ್ತದೆ. ಆದರೆ ಸುಮಾರು 55ರಿಂದ 70 ಡಿಗ್ರಿ ಬಿಸಿಯಲ್ಲಿ ಬಹಳ ಹೊತ್ತು ಕಳೆದರೆ, ಬಟಾಟೆಯಲ್ಲೇ ಇರುವ ಒಂದು ಕಿಣ್ವ ಕೆಲಸ ಮಾಡಿ, ಸುಣ್ಣದ ಅಂಶದ ಜೊತೆ ಸೇರಿ ಪೆಕ್ಟಿನ್ ಗಟ್ಟಿಯಾಗುವಂತೆ ಮಾಡುತ್ತದೆ. ಹಾಗೆ ಗಟ್ಟಿಯಾದದ್ದು ಆಮೇಲೆ ಕುದಿಸಿದರೂ ಬೇಗ ಮೆತ್ತಗಾಗದು. ತಣ್ಣೀರಿನಿಂದ ಆರಂಭಿಸಿದ ಸ್ಲೋ ಕುಕ್ಕರ್ ಗಂಟೆಗಟ್ಟಲೆ ತೆವಳುವುದು ಸರಿಯಾಗಿ ಇದೇ ಬಿಸಿಯಲ್ಲಿ. ಮೊದಲೇ ಹಾಲು, ಮೊಸರು, ಲಿಂಬೆ ಹಾಕಿದರೂ ಹೀಗೆಯೇ. ಹಾಲಿನಲ್ಲಿ ಸುಣ್ಣದಂಶ ಇದೆ, ಹುಳಿ ಪೆಕ್ಟಿನ್ ಕರಗಲು ಬಿಡುವುದಿಲ್ಲ. ಬೇಳೆ ಬೇಯುವ ಮೊದಲು ಹುಣಿಸೆಹುಳಿ ಹಾಕಬಾರದೆಂದು ನಾವು ಹುಡುಗರಿಗೆ ಹೇಳುವುದಿಲ್ಲವೇ, ಅದೇ ಮಾತು.

ಆದ್ದರಿಂದ ಹೀಗೆ ಮಾಡಿ. ಆರು ಲೀಟರ್ ಕುಕ್ಕರಿಗೆ ಸಿಪ್ಪೆ ತೆಗೆದ ಬಟಾಟೆ ಎರಡೂವರೆ ಕಿಲೋ. ಒಂದು ಇಂಚಿನ ಚೌಕ ಹೋಳು, ಎಲ್ಲವೂ ಒಂದೇ ಅಳತೆ. ಹೊರಗಿನ ಪಿಷ್ಟ ಹೋಗುವಂತೆ ಎರಡು ನೀರು ತೊಳೆಯಿರಿ. ಪಿಂಗಾಣಿ ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಬಟಾಟೆ, 25 ಗ್ರಾಂ ಉಪ್ಪು, 100 ಗ್ರಾಂ ಬೆಣ್ಣೆ, ಮೇಲೆ ಮಕಮಕ ಕುದಿಯುವ ನೀರು ಅರ್ಧ ಲೀಟರಿಗಿಂತ ತುಸು ಹೆಚ್ಚು. ಮುಚ್ಚಳ ಹಾಕಿ ಹೈಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಮಧ್ಯೆ ಮುಚ್ಚಳ ತೆಗೆದು ಇಣುಕುವ ಅಭ್ಯಾಸ ಬಿಡಬೇಕು. ಒಂದು ಸಲ ತೆಗೆದರೆ ಹೋದ ಬಿಸಿ ತಿರುಗಿ ಬರಲು ಇಪ್ಪತ್ತು ನಿಮಿಷ ಬೇಕು. ಎರಡು ಗಂಟೆಗೆ ಒಮ್ಮೆ ಮಾತ್ರ ಮೇಲಿನದು ಕೆಳಗೆ ಮಾಡಿ, ಇಲ್ಲದಿದ್ದರೆ ನೀರಿನಿಂದ ಹೊರಗಿರುವ ಹೋಳು ಬೂದುಬಣ್ಣಕ್ಕೆ ತಿರುಗುತ್ತದೆ. ಬಟಾಟೆಯಲ್ಲಿರುವ ಕಬ್ಬಿಣದಂಶ ಗಾಳಿಗೆ ಸಿಕ್ಕಿ ಆಗುವ ಬದಲಾವಣೆ ಅದು. ತಿಂದರೆ ಏನೂ ಆಗುವುದಿಲ್ಲ, ಆದರೆ ಬಿಳಿ ಮ್ಯಾಶಿನಲ್ಲಿ ಕಪ್ಪು ಕಲೆ ಕಂಡರೆ ಅತಿಥಿ ಸೌಟು ಕೆಳಗಿಡುತ್ತಾನೆ.

ಬೆಂದ ಮೇಲೆ ನೀರು ಬಸಿದು, ಮುಚ್ಚಳ ತೆರೆದು ಹತ್ತು ನಿಮಿಷ ಹಬೆ ಹೋಗಲು ಬಿಡಿ. ಆಮೇಲೆ ಕಿವುಚುವುದು. ನಾವು ಹಾಲಿನಲ್ಲಿ ಅವಮಾನಪಟ್ಟ ಕಾರಣ ಇಲ್ಲಿದೆ. ಬಟಾಟೆಯ ಪ್ರತಿ ಜೀವಕೋಶವೂ ಬೆಂದು ಊದಿದ ಪಿಷ್ಟದ ಪುಟ್ಟ ಚೀಲ. ಮೆಲ್ಲನೆ ಒತ್ತಿದರೆ ಚೀಲಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಒಡೆಯುವುದಿಲ್ಲ. ಮಿಕ್ಸರಿನ ಬ್ಲೇಡು ಅವನ್ನು ಸೀಳುತ್ತದೆ. ಒಳಗಿನ ಪಿಷ್ಟ ಹೊರಬಂದು ನೀರಿನ ಜೊತೆ ಸೇರಿ ಅಂಟಾಗುತ್ತದೆ. ಒಮ್ಮೆ ಅಂಟಾದರೆ ಹಾಲು ಹಾಕಿದರೂ ಬೆಣ್ಣೆ ಹಾಕಿದರೂ ಸರಿಯಾಗದು. ಅಂಥದ್ದನ್ನು ಬ್ರೆಡ್ ಪುಡಿ ಸೇರಿಸಿ ಕಟ್ಲೆಟ್ ಮಾಡಬಹುದು, ಅಷ್ಟೇ.

ವಿದೇಶದಲ್ಲಿ ಇದಕ್ಕೆ ರೈಸರ್ ಎಂಬ ಸಾಧನ ಬಳಸುತ್ತಾರೆ. ಬೆಲೆ ಕೇಳಿ ನಾವು ಸುಮ್ಮನಾದೆವು. ಆಮೇಲೆ ಹೊಳೆಯಿತು: ಒತ್ತು ಶ್ಯಾವಿಗೆ ಮಾಡುವ ನಮ್ಮ ಶ್ಯಾವಿಗೆ ಮಣೆ ಬೇರೇನು? ಮೇಲಿನಿಂದ ಒತ್ತು, ಕೆಳಗೆ ತೂತಿನ ಅಚ್ಚು. ದಪ್ಪ ಸೇವಿನ ಅಚ್ಚು ಹಾಕಿ ಬಿಸಿ ಬಟಾಟೆ ಒತ್ತಿದರೆ ಗಂಟಿಲ್ಲದೆ, ಅಂಟಿಲ್ಲದೆ ಹೂವಿನ ಹಾಗೆ ಬೀಳುತ್ತದೆ. ನಮ್ಮಲ್ಲಿ ಈಗ ಮರದ ದೊಡ್ಡ ಮಣೆಯಲ್ಲಿ ಇಬ್ಬರು ಹುಡುಗರು ಅರ್ಧ ಗಂಟೆಯಲ್ಲಿ ಹತ್ತು ಕಿಲೋ ಮುಗಿಸುತ್ತಾರೆ. ಪಾವ್‌ಭಾಜಿಯ ಮ್ಯಾಶರ್ ಕೂಡ ಆಗಬಹುದು, ಆದರೆ ಅದರಲ್ಲಿ ಹುಡುಗರು ತಾಳ ಹಾಕಿದಂತೆ ಕುಟ್ಟುತ್ತಾರೆ, ಕುಟ್ಟಿದಷ್ಟೂ ಅಂಟು. ಬಟಾಟೆ ಬಿಸಿಯಾಗಿರುವಾಗಲೇ ಒತ್ತಬೇಕು ಎಂಬುದು ಮಾತ್ರ ನೆನಪಿರಲಿ.

ಒತ್ತಿದ ಎರಡೂವರೆ ಕಿಲೋಗೆ ಮೊದಲು ಕರಗಿಸಿದ ಬೆಣ್ಣೆ ಇನ್ನೂ 100 ಗ್ರಾಂ, ನಂತರ ಬಿಸಿ ಹಾಲು ಅರ್ಧ ಲೀಟರ್, ಸ್ವಲ್ಪ ಸ್ವಲ್ಪವಾಗಿ. ಮೊದಲು ಬೆಣ್ಣೆ ಹಾಕಿದರೆ ಅದು ಪಿಷ್ಟಕ್ಕೆ ಲೇಪವಾಗಿ ಅಂಟು ಕಡಿಮೆಯಾಗುತ್ತದೆ. ತಣ್ಣನೆಯ ಹಾಲು ಮಾತ್ರ ಬೇಡ. ಉಪ್ಪಿರುವ ಬೆಣ್ಣೆಯಾದರೆ ಉಪ್ಪು ಕೊನೆಯಲ್ಲಿ ನೋಡಿ ಹಾಕಿ. ಕರಿಮೆಣಸಿಗಿಂತ ಬಿಳಿಮೆಣಸು ಒಳ್ಳೆಯದು, ಬಣ್ಣ ಕೆಡುವುದಿಲ್ಲ. ಪ್ಯಾರಿಸ್ಸಿನಲ್ಲಿ ಇದೇ ಪದಾರ್ಥದಿಂದ ಹೆಸರು ಮಾಡಿದ ಜೋಯೆಲ್ ರೊಬುಶೋಂ ಒಂದು ಕಿಲೋ ಬಟಾಟೆಗೆ ಕಾಲು ಕಿಲೋ ಬೆಣ್ಣೆ ಹಾಕುತ್ತಿದ್ದರು. ನಮ್ಮ ಪ್ಲೇಟ್ ರೇಟಿನಲ್ಲಿ ಅದು ಕನಸು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನೂ ಹೇಳಬೇಕು. ಬಫೆಯಲ್ಲಿ ಬೇರೆ ಪದಾರ್ಥಗಳೂ ಇರುವಾಗ ಮ್ಯಾಶ್ ತಲೆಗೆ 80 ಗ್ರಾಂ ಸಾಕು. ನೂರು ಜನಕ್ಕೆ ಎಂಟು ಕಿಲೋ ಮ್ಯಾಶ್, ಅದಕ್ಕೆ ಹಸಿ ಬಟಾಟೆಯೂ ಎಂಟು ಕಿಲೋ. ಸಿಪ್ಪೆಯಲ್ಲಿ ಹೋದದ್ದು ಹಾಲು ಬೆಣ್ಣೆಯಲ್ಲಿ ಬರುತ್ತದೆ. ಇದನ್ನೆಲ್ಲ ಕುಕ್ಕರಿನಲ್ಲೇ ಬೇಯಿಸಲು ಮೂರು ಕುಕ್ಕರ್, ನಾಲ್ಕು ಗಂಟೆ ಬೇಕು. ಕೊಪ್ಪರಿಗೆಯಲ್ಲಿ ಕುದಿಸಿದರೆ ಅರ್ಧ ಗಂಟೆ ಸಾಕು. ಹಾಗಾಗಿ ಕ್ಯಾಟರಿಂಗಿನಲ್ಲಿ ಬೇಯಿಸುವುದು ಕೊಪ್ಪರಿಗೆಯ ಕೆಲಸ, ಬಿಸಿಯಾಗಿಡುವುದು ಸ್ಲೋ ಕುಕ್ಕರಿನ ಕೆಲಸ. ಎಂಟು ಕಿಲೋ ಮ್ಯಾಶ್ ಎರಡು ಕುಕ್ಕರಿನಲ್ಲಿ ಆರಾಮವಾಗಿ ಹಿಡಿಯುತ್ತದೆ. ಹತ್ತು ಇಪ್ಪತ್ತು ಜನರ ಮನೆಪಾರ್ಟಿಯಾದರೆ ಮಾತ್ರ ಕುಕ್ಕರಿನಲ್ಲೇ ಬೇಯಿಸಿ, ಅದರಲ್ಲೇ ಬೆರೆಸಿ, ಅದರಲ್ಲೇ ಬಡಿಸಿ.

ಚೇಫಿಂಗ್ ಡಿಶ್ಶಿನಲ್ಲಿ ಮ್ಯಾಶ್ ತಳ ಹಿಡಿದು ಮೇಲೆ ಒಣಗುತ್ತದೆ, ಎಸಿ ಹಾಲಿನಲ್ಲಿ ಬೇಗ ಆರುತ್ತದೆ. ಕುಕ್ಕರಿನ ಬಿಸಿ ಸುತ್ತಲಿನಿಂದಲೂ ಬರುವುದರಿಂದ ಆ ತೊಂದರೆ ಕಡಿಮೆ. ಕುಕ್ಕರನ್ನು ಮೊದಲೇ ಬಿಸಿ ಮಾಡಿ, ಒಳಗೆ ಬೆಣ್ಣೆ ಸವರಿ, ಬಿಸಿ ಮ್ಯಾಶ್ ತುಂಬಿ, ಮೇಲೆ ಎರಡು ಮೂರು ಚಮಚ ಬಿಸಿ ಹಾಲು ಹರಡಿ ವಾರ್ಮಿನಲ್ಲಿಡಿ. ಮುಚ್ಚಳದ ಕೆಳಗೆ ಶುಭ್ರವಾದ ತೆಳು ಬಟ್ಟೆ ಕಟ್ಟಿದರೆ ಹಬೆಯ ನೀರು ತೊಟ್ಟಿಕ್ಕುವುದಿಲ್ಲ. ಅರ್ಧ ಗಂಟೆಗೊಮ್ಮೆ ಅಂಚಿನಿಂದ ಒಳಗೆ ಮಗುಚಬೇಕು. ಮೂರು ಗಂಟೆ ಮೀರಿದರೆ ಹಾಲಿನ ವಾಸನೆ ಬದಲಾಗಿ ಅಂಚು ಕಂದಾಗುತ್ತದೆ, ಆದ್ದರಿಂದ ಎರಡನೇ ಕುಕ್ಕರನ್ನು ಒಂದು ಗಂಟೆ ತಡವಾಗಿ ತುಂಬಿ.

ಇನ್ನು ಹೇಳಬೇಕಾದದ್ದು ಎಲ್ಲಕ್ಕಿಂತ ಮುಖ್ಯ. 1994ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ ಪಾಸೊ ಎಂಬಲ್ಲಿ ಒಂದು ರೆಸ್ಟೊರೆಂಟಿನ ಬಟಾಟೆಯ ಡಿಪ್ಪಿನಿಂದ 30 ಜನರಿಗೆ ಬೊಟುಲಿಸಂ ಎಂಬ ಪ್ರಾಣಾಪಾಯದ ವಿಷಬಾಧೆ ಆಯಿತು. ಕಾರಣ ಇಷ್ಟೇ: ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ ಬೇಯಿಸಿದ ಬಟಾಟೆಯನ್ನು ಸುತ್ತಿದ ಹಾಗೆಯೇ ದಿನಗಟ್ಟಲೆ ಹೊರಗಿಟ್ಟು, ಆಮೇಲೆ ಕಿವುಚಿ ಡಿಪ್ ಮಾಡಿದ್ದರು. ಮಣ್ಣಿನಿಂದ ಬಂದ ಬಟಾಟೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಇರುತ್ತವೆ, ಅವು ಕುದಿಸಿದರೂ ಸಾಯುವುದಿಲ್ಲ. ಅನ್ನದಲ್ಲೂ ಬಟಾಟೆಯಲ್ಲೂ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬುದಂತೂ ಉಗುರುಬೆಚ್ಚಗಿನ ರಾಶಿ ಸಿಕ್ಕಿದರೆ ಕೆಲವೇ ಗಂಟೆಗಳಲ್ಲಿ ವೃದ್ಧಿಯಾಗುತ್ತದೆ. ಅದು ಬಿಟ್ಟ ವಾಂತಿಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮೂಸಿ ನೋಡಿದರೆ ತಿಳಿಯುವುದೂ ಇಲ್ಲ.

ನಮ್ಮಲ್ಲಿ ನಡೆಯುವುದೇನು? ಬೆಳಗಿನ ಗಡಿಬಿಡಿ ತಪ್ಪಿಸಲು ಹಿಂದಿನ ರಾತ್ರಿಯೇ ಎರಡು ಗೋಣಿ ಬಟಾಟೆ ಬೇಯಿಸಿ ದೊಡ್ಡ ಟೋಪಿನಲ್ಲಿ ಮುಚ್ಚಿಟ್ಟು ಮಲಗುವುದು. ನಾವೂ ಮಾಡಿದ್ದೇವೆ, ಸುಳ್ಳು ಹೇಳುವುದಿಲ್ಲ. ರಾಶಿಯ ನಡುವೆ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ, ಅದೇ ಅಪಾಯ. ರಾತ್ರಿ ಬೇಯಿಸಲೇಬೇಕಾದರೆ ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಫ್ಯಾನ್ ಹಾಕಿ ಎರಡು ಗಂಟೆಯೊಳಗೆ ಆರಿಸಿ, ಕೂಡಲೇ ಫ್ರಿಜ್ಜಿಗೆ ಸೇರಿಸಿ. ಮರುದಿನ ಒಲೆಯ ಮೇಲೆ, ನಡುವಿನಲ್ಲೂ 75 ಡಿಗ್ರಿ ಬರುವಷ್ಟು ಹೊಗೆಯಾಡಿಸಿ ಬಿಸಿ ಮಾಡಿ, ಅನಂತರವೇ ಕುಕ್ಕರಿಗೆ ಹಾಕಿ. ತಣ್ಣನೆಯ ಮ್ಯಾಶನ್ನು ನೇರ ಸ್ಲೋ ಕುಕ್ಕರಿಗೆ ಹಾಕಿ ಬಿಸಿ ಮಾಡಲು ಹೊರಟರೆ ಅದು ಬ್ಯಾಕ್ಟೀರಿಯಾ ಬೆಳೆಯುವ ಬಿಸಿಯಲ್ಲೇ ಗಂಟೆಗಟ್ಟಲೆ ಕೂತಿರುತ್ತದೆ. 5ರಿಂದ 60 ಡಿಗ್ರಿಯ ನಡುವೆ ಅವು ಬೆಳೆಯುತ್ತವೆ. ಒಂದು ಪ್ರೋಬ್ ಥರ್ಮಾಮೀಟರ್ ಕೊಂಡು ವಾರ್ಮಿನಲ್ಲಿಟ್ಟ ಮ್ಯಾಶಿನ ನಡುವೆ ಚುಚ್ಚಿ ನೋಡಿ. 65ಕ್ಕಿಂತ ಕೆಳಗೆ ತೋರಿಸಿದರೆ ಸ್ವಲ್ಪ ಹೊತ್ತು ಲೋಗೆ ತಿರುಗಿಸಿ. ಹಾಲಿನ ಕರೆಂಟು ಹೋಗಿ ಜನರೇಟರ್ ಆ ಪ್ಲಗ್ಗಿಗೆ ಇಲ್ಲದಿದ್ದರೆ ದಪ್ಪ ಪಿಂಗಾಣಿ ಸ್ವಲ್ಪ ಹೊತ್ತು ಬಿಸಿ ಹಿಡಿದೀತು, ಆಗಲೂ ಥರ್ಮಾಮೀಟರ್ ಹೇಳಿದಂತೆಯೇ ನಡೆಯಬೇಕು. ಉಳಿದ ಮ್ಯಾಶನ್ನು ಯಾರಿಗೂ ಕಟ್ಟಿಕೊಡಬೇಡಿ, ಮರುದಿನದ ವಡೆಗೂ ಸೇರಿಸಬೇಡಿ.

ಮುಂಬಯಿ, ಪುಣೆಯ ಸದಸ್ಯರಿಗೆ ಇನ್ನೊಂದು ವಿಷಯ. ಜೈನರ ಪಾರ್ಟಿಯಲ್ಲಿ ಬಟಾಟೆ ನಡೆಯುವುದಿಲ್ಲ. ಬಾಳೆಕಾಯಿಯನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಬಿಸಿ ಇರುವಾಗಲೇ ಶ್ಯಾವಿಗೆ ಮಣೆಯಲ್ಲಿ ಒತ್ತಿ ಇದೇ ಕ್ರಮದಲ್ಲಿ ಮಾಡಬಹುದು. ಅದು ಬಟಾಟೆಗಿಂತ ಬೇಗ ಬಿಗಿಯುವುದರಿಂದ ಹಾಲು ಕಾಲು ಭಾಗ ಹೆಚ್ಚು ಬೇಕು. ಕುಕ್ಕರ್, ಮಣೆ, ಸೌಟು ಎಲ್ಲವೂ ಬೇರೆಯೇ ಇರಲಿ.

ಕೊನೆಗೆ ಪಾತ್ರೆ ತೊಳೆಯುವ ಹುಡುಗರಿಗೊಂದು ಮಾತು ಹೇಳಿಡಿ. ಬಿಸಿ ಇರುವ ಪಿಂಗಾಣಿಗೆ ತಣ್ಣೀರು ಸುರಿದರೆ ಅದು ಸೀಳುತ್ತದೆ. ನಮ್ಮ ಎರಡನೇ ಕುಕ್ಕರ್ ಹೋದದ್ದು ಹಾಗೆಯೇ. ಪೂರ್ತಿ ಆರಿದ ಮೇಲೆ ಉಗುರುಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ನೆನೆಸಿದರೆ ಹಿಡಿದ ಬಟಾಟೆ ತಾನೇ ಬಿಡುತ್ತದೆ, ತಂತಿಯ ಜುಂಗಿನಲ್ಲಿ ಉಜ್ಜುವ ಅಗತ್ಯವಿಲ್ಲ.